ಬಿಕ್ಕಲಂ ಲಕ್ಷ್ಮೀಶ

ಬರ್ಲಿನ್ನಿನ ಪಶ್ಚಿಮದ ಅಂಚಿನಲ್ಲಿ ಹಾವೆಲ್ ನದಿ ಅಗಲವಾಗಿ ಹರಡಿಕೊಂಡು ಕೆರೆಯಂತೆ ನಿಲ್ಲುವ ಕಡೆ ಒಂದು ಸಣ್ಣ ದ್ವೀಪವಿದೆ. ಅದರ ನಿಜವಾದ ಹೆಸರನ್ನು ನಾನು ಬರೆಯುವುದಿಲ್ಲ, ಹಾಜೆನ್‌ವೆರ್ಡರ್ ಎಂದಿಟ್ಟುಕೊಳ್ಳೋಣ. ಮೊಲದ ದ್ವೀಪ ಎಂದು ಅರ್ಥ. ಮೊಲಗಳನ್ನು ಯುದ್ಧದ ಕೊನೆಯ ಚಳಿಗಾಲದಲ್ಲಿ ಜನ ತಿಂದು ಮುಗಿಸಿದ್ದರಂತೆ. ಹದಿನಾಲ್ಕು ಮನೆ, ಒಂದು ದೋಣಿಮನೆ, ದೋಣಿಕಟ್ಟೆಯಲ್ಲಿ ಒಂದು ಗಂಟೆ, ಗಂಟೆಯ ಕೆಳಗೆ ಒಂದು ಹಸಿರು ಬೋರ್ಡು. ಬೋರ್ಡಿನ ಮೇಲೆ ಬಿಳಿ ಬಣ್ಣದಲ್ಲಿ 'ಹಾಜೆನ್‌ವೆರ್ಡರ್, ನಿವಾಸಿಗಳು 30' ಎಂದು ಬರೆದಿತ್ತು.

ದ್ವೀಪಕ್ಕೆ ಸೇರಿದವರು ಮೂವತ್ತೊಂದು ಜನ. ಮೂವತ್ತೊಂದನೆಯವನು ನಮ್ಮ ಲಕ್ಷ್ಮೀಶ.

ದ್ವೀಪದ ನೆಲ ಪಶ್ಚಿಮ ಬರ್ಲಿನ್ನಿನದು, ಸುತ್ತಲಿನ ನೀರು ಪೂರ್ವ ಜರ್ಮನಿಯದು. ಪಶ್ಚಿಮದ ಕಚೇರಿಗಳು ಈ ಮಾತನ್ನು ಒಪ್ಪುತ್ತಿರಲಿಲ್ಲ, ಏಕೆಂದರೆ ಅವರ ಪ್ರಕಾರ ಪೂರ್ವ ಜರ್ಮನಿ ಎನ್ನುವ ದೇಶವೇ ಇರಲಿಲ್ಲ. ಆ ಇಲ್ಲದ ದೇಶದ ಕಾವಲು ದೋಣಿ ಮಾತ್ರ ದಿನಾ ಬೆಳಿಗ್ಗೆ ಏಳು ಗಂಟೆಗೆ ಸರಿಯಾಗಿ ನೀರಿನ ಮಧ್ಯೆ ಬಂದು ನಿಲ್ಲುತ್ತಿತ್ತು. ದ್ವೀಪದವರು ಹುಟ್ಟು ಹಾಕುವ ದೋಣಿಯಲ್ಲಿ ಇನ್ನೂರು ಗಜ ದಾಟಿ ಪೇಟೆಗೆ ಹೋಗಬೇಕಾದರೆ ಆ ಕಾವಲಿನವರ ಪಟ್ಟಿಯಲ್ಲಿ ಹೆಸರಿರಬೇಕು. ಲಕ್ಷ್ಮೀಶನ ಹೆಸರು ಪಟ್ಟಿಯಲ್ಲಿರಲಿಲ್ಲ. ಅವನು ಪರದೇಶಿ. ಅವನು ದಿನಕ್ಕೆರಡು ಸಲ ಭಾರತದ ಪಾಸ್‌ಪೋರ್ಟು ತೋರಿಸಿ, ಮೊಹರು ಒತ್ತಿದ ಒಂದು ಚೀಟಿ ಇಸಿದುಕೊಂಡು, ಕೆಲಸಕ್ಕೆ ಹೋಗಿ ಬರುತ್ತಿದ್ದ. ಹತ್ತು ವರ್ಷದ ಚೀಟಿಗಳನ್ನು ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿಟ್ಟಿದ್ದ. ನಮ್ಮ ಯಜಮಾನರು ಒಮ್ಮೆ, "ಅದೆಲ್ಲ ಯಾತಕ್ಕಯ್ಯಾ?" ಎಂದು ಕೇಳಿದ್ದಕ್ಕೆ, "ಮೊಹರು ಬಿದ್ದ ಕಾಗದವನ್ನು ಎಸೆಯಬಾರದು ಅಂತ ನಮ್ಮಪ್ಪ ಹೇಳಿದ್ದಾರೆ," ಎಂದ.

ಇವನನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅವನ ತಂದೆಯಿಂದಲೇ ಶುರು ಮಾಡಬೇಕು. ಅವರು ನಂಜನಗೂಡು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರು. ಮಹಾರಾಜರ ಕಾಲದವರು. ಮಗನಿಗೆ ಅಕ್ಷರಾಭ್ಯಾಸವಾದ ಮೇಲೆ ಅವರು ಕಲಿಸಿದ ಮೊದಲ ವಿದ್ಯೆ ಅರ್ಜಿ ಬರೆಯುವುದು. ಬೇರೆ ಹುಡುಗರು ಮಗ್ಗಿ ಉರುಹೊಡೆಯುವಾಗ ಲಕ್ಷ್ಮೀಶ ಸ್ಲೇಟಿನ ಮೇಲೆ 'ಖಾವಂದರ ಸನ್ನಿಧಾನಕ್ಕೆ' ಎಂದು ತಿದ್ದುತ್ತಿದ್ದನಂತೆ. ಮೊದಲು ಯಾರಿಗೆ ಎಂಬುದು, ಪೂರ್ತಿ ಬಿರುದಿನೊಂದಿಗೆ. ಆಮೇಲೆ ನಿಜ ಸಂಗತಿ, ಆಮೇಲೆ ಕಷ್ಟ, ಆಮೇಲೆ ಪ್ರಾರ್ಥನೆ. ಅದರ ಕೆಳಗೆ ಎಲ್ಲರ ರುಜು. ರುಜುಗಳ ಕೆಳಗೆ ಬಿಕ್ಕಲಂ, ಅಂದರೆ ಅರ್ಜಿ ಬರೆದುಕೊಟ್ಟವನ ಹೆಸರು, ವಿಳಾಸ. ಕಟ್ಟಕಡೆಗೆ, ಸಂಬಂಧಪಟ್ಟ ಪ್ರತಿಯೊಬ್ಬರಿಗೂ ನಕಲು. "ನಕಲು ಹೋಗದ ಅರ್ಜಿ ತಾಳಿಯಿಲ್ಲದ ಮದುವೆ ಇದ್ದ ಹಾಗೆ," ಎನ್ನುತ್ತಿದ್ದರಂತೆ ಆ ಹಿರಿಯರು.

ಇಷ್ಟು ಕಲಿತ ಹುಡುಗ ಮುಂದೆ ಕಲಿತದ್ದು ಕನ್ನಡಕದ ಗಾಜು ಉಜ್ಜುವುದನ್ನು. ಬೆಂಗಳೂರಿನಲ್ಲಿ ಡಿಪ್ಲೊಮಾ ಮುಗಿಸಿ, ೧೯೫೮ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಯೇನಾ ಎಂಬ ಊರಿಗೆ ಬಂದ. ಅದು ಪೂರ್ವ ಜರ್ಮನಿಯಲ್ಲಿ ಗಾಜಿನ ಕೆಲಸಕ್ಕೆ ಹೆಸರಾದ ಊರು. ಅಲ್ಲಿ ಎರಡು ವರ್ಷ ಲೆನ್ಸ್ ಉಜ್ಜಿ, ಬರ್ಲಿನ್ನಿನ ಗೋಡೆ ಏಳುವುದಕ್ಕೆ ಒಂದು ವರ್ಷ ಮುಂಚೆ ಪಶ್ಚಿಮ ಬರ್ಲಿನ್ನಿಗೆ ಬಂದುಬಿಟ್ಟ. ಏಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಅಲ್ಲಿ ಒಳ್ಳೆಯ ಕಾಫಿ ಸಿಗಲಿಲ್ಲ." ಸ್ವಾತಂತ್ರ್ಯಕ್ಕಾಗಿ ಬಂದೆ ಎಂದಿದ್ದರೆ ಪೇಪರಿನವರು ಫೋಟೋ ಹಾಕುತ್ತಿದ್ದರು.

ಪಶ್ಚಿಮದಲ್ಲಿ ಬಾಡಿಗೆ ಮನೆ ಹುಡುಕಿದ. ಫೋನಿನಲ್ಲಿ ಇದ್ದ ರೂಮು ಅವನು ಬಾಗಿಲಲ್ಲಿ ನಿಂತ ಕೂಡಲೇ ಹೋಗಿಬಿಟ್ಟಿರುತ್ತಿತ್ತು. ಹೀಗೆ ಹತ್ತೊಂಬತ್ತು ರೂಮುಗಳು ಹೋದವು. ಅಷ್ಟರಲ್ಲಿ ಗೋಡೆ ಎದ್ದಿತು, ದ್ವೀಪದ ಸುತ್ತಲಿನ ನೀರಿಗೆ ಕಾವಲು ಬಂತು, ಮಕ್ಕಳಿದ್ದವರೆಲ್ಲ ದ್ವೀಪ ಬಿಟ್ಟು ಹೋದರು. ಕ್ರೆಪೆಲಿನ್ ಎಂಬ ವಿಧವೆಯ ಮನೆಯ ಮೇಲಂತಸ್ತು ಖಾಲಿ ಬಿತ್ತು. ಆ ದ್ವೀಪ ಯಾರಿಗೂ ಬೇಡ, ಇವನೂ ಯಾರಿಗೂ ಬೇಡ. ೧೯೬೨ರ ಜನವರಿಯಲ್ಲಿ ಅವನು ಟ್ರಂಕು ಹೊತ್ತುಕೊಂಡು ದೋಣಿ ಹತ್ತಿದ. ಮನೆಯೊಡತಿ ಹಾಕಿದ್ದು ಒಂದೇ ಷರತ್ತು. ಕಲ್ಲಿದ್ದಲನ್ನು ದೋಣಿಯಿಂದ ಮನೆಗೆ ಹೊತ್ತು ಹಾಕಬೇಕು. ಮನೆಗೆ ಎಂದರೆ ತನ್ನ ಮನೆಗೆ ಎಂದುಕೊಂಡಿದ್ದ. ಎರಡನೆಯ ಚಳಿಗಾಲದ ಹೊತ್ತಿಗೆ ಹದಿನಾಲ್ಕು ಮನೆಗೂ ಹೊರುತ್ತಿದ್ದ. ಅಲ್ಲಿದ್ದವರಲ್ಲಿ ಐವತ್ತಕ್ಕಿಂತ ಕಡಿಮೆ ವಯಸ್ಸಿನವನು ಅವನೊಬ್ಬನೇ.

ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ನಮ್ಮವರು ಇಲ್ಲಿ, ಪಶ್ಚಿಮ ಬರ್ಲಿನ್ನಿನ ಆಸ್ಪತ್ರೆಯಲ್ಲಿ ಡಾಕ್ಟರು. ಲಕ್ಷ್ಮೀಶ ನನಗಿಂತ ಎಂಟು ವರ್ಷ ಚಿಕ್ಕವನು, ಅತ್ತಿಗೆ ಎನ್ನುತ್ತಿದ್ದ. ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ. ಹುಳಿ ಅನ್ನ ಕಲೆಸಿಕೊಳ್ಳುತ್ತಾ ದ್ವೀಪದ ವರ್ತಮಾನ ಹೇಳುತ್ತಿದ್ದ. ನಾನು ಕೇಳುತ್ತಿದ್ದೆ. ಮಾತಾಡುವವರ ಮಧ್ಯೆ ಬಾಯಿ ಹಾಕದಿದ್ದರೆ ಅವರು ನಿಜವನ್ನೇ ಹೇಳಿಬಿಡುತ್ತಾರೆ ಎನ್ನುವುದು ನಾನು ಇಷ್ಟು ವರ್ಷದಲ್ಲಿ ಕಂಡುಕೊಂಡದ್ದು.

ಅವನಿಗೆ ಒಂದೇ ಕೊರತೆ. ಅದು ಆ ಬೋರ್ಡು.

"ದಿನಾ ದೋಣಿ ಇಳಿಯುವಾಗ ಕಣ್ಣಿಗೆ ಬೀಳುತ್ತೆ ಅತ್ತಿಗೆ. ಹತ್ತು ವರ್ಷವಾಗುತ್ತಾ ಬಂತು. ನಾನೇ ಎರಡು ಸಲ ಅದಕ್ಕೆ ಬಣ್ಣ ಬಳಿದಿದ್ದೇನೆ."

"ಬಣ್ಣ ಬಳಿಯುವಾಗ ಮೂವತ್ತೊಂದು ಅಂತ ಬರೆದುಬಿಡಬೇಕಿತ್ತು," ಎಂದರು ನಮ್ಮವರು.

"ಛೆ, ಅದು ಫೋರ್ಜರಿ ಆಗುತ್ತೆ."

೧೯೭೧ರ ವಸಂತದಲ್ಲಿ ಒಂದು ಸುದ್ದಿ ಹಬ್ಬಿತು. ಪೂರ್ವ ಪಶ್ಚಿಮಗಳು ಮಾತುಕತೆ ನಡೆಸುತ್ತಿವೆ, ಗಡಿಯಲ್ಲಿ ಅಲ್ಲೊಂದು ಇಲ್ಲೊಂದು ಸಿಕ್ಕಿಹಾಕಿಕೊಂಡ ತುಂಡು ನೆಲಗಳನ್ನು ಅದಲು ಬದಲು ಮಾಡಿಕೊಳ್ಳುತ್ತಾರೆ, ಹಾಜೆನ್‌ವೆರ್ಡರ್ ಅತ್ತ, ಪೂರ್ವದ ಪಾಲಿಗೆ, ಹೋಗುತ್ತದೆ ಎಂದು. ಅತ್ತ ಹೋದರೆ ಮನೆಗಳನ್ನು ಬಿಟ್ಟು ಎಲ್ಲರೂ ಹೊರಡಬೇಕು. ದ್ವೀಪದವರಿಗೆ ಊಟ ಸೇರಲಿಲ್ಲ. ಅವರನ್ನು ಯಾರೂ ಯಾವತ್ತೂ ಏನೂ ಕೇಳಿರಲಿಲ್ಲ ಎನ್ನುವುದು ನಿಜ. ಪಶ್ಚಿಮ ಬರ್ಲಿನ್ನಿನವರ ಗುರುತಿನ ಚೀಟಿಯ ಮೇಲೇ ತಾತ್ಕಾಲಿಕ ಎಂದು ಅಚ್ಚು ಹಾಕಿರುತ್ತದೆ. ಪಶ್ಚಿಮ ಜರ್ಮನಿಯ ರಾಜಧಾನಿ ಬಾನ್‌ನ ಪಾರ್ಲಿಮೆಂಟಿಗೆ ಅವರು ಮತ ಹಾಕುವ ಹಾಗಿಲ್ಲ. ಅವರ ಕಡೆಯಿಂದ ಹೋದ ಸದಸ್ಯರು ಅಲ್ಲಿ ಭಾಷಣ ಮಾಡಬಹುದು, ಕಾನೂನಿಗೆ ಕೈ ಎತ್ತಿದರೆ ಆ ಕೈಯನ್ನು ಎಣಿಸುವುದಿಲ್ಲ. ಊರಿನ ಮೇಲೆ ಯುದ್ಧ ಗೆದ್ದ ಮೂರು ದೇಶದ ಮೂವರು ಜನರಲ್‌ಗಳು. ದ್ವೀಪ ಇದ್ದದ್ದು ಬ್ರಿಟಿಷರ ಪಾಲಿನಲ್ಲಿ.

ದ್ವೀಪಕ್ಕೊಂದು ಸಂಘವಿತ್ತು. ಮೂವರು ಜರ್ಮನರು ಸೇರಿದರೆ ಸಂಘ, ಅದಕ್ಕೊಂದು ನಿಯಮಾವಳಿ. ನಾವಾದರೆ ಮೂವರು ಸೇರಿದರೆ ಎರಡು ಸಂಘ. ಅಧ್ಯಕ್ಷ ಫೋಗೆಲ್‌ಸಾಂಗ್, ನಿವೃತ್ತ ಭೂಗೋಳದ ಮೇಷ್ಟ್ರು. ಅವರು ದೋಣಿಮನೆಯಲ್ಲಿ ಸಭೆ ಕರೆದು, ತಮ್ಮ ಭವಿಷ್ಯವನ್ನು ತಾವೇ ನಿರ್ಧರಿಸುವುದು ಪ್ರತಿಯೊಂದು ಜನಾಂಗದ ಹಕ್ಕು, ಆಫ್ರಿಕಾದ ಚಿಕ್ಕ ಚಿಕ್ಕ ದೇಶಗಳಿಗೆಲ್ಲ ಸಿಕ್ಕಿದೆ, ನಮಗೇಕಿಲ್ಲ, ಎಂದು ಮುಕ್ಕಾಲು ಗಂಟೆ ಮಾತಾಡಿದರು. ಆಫ್ರಿಕಾ ಎನ್ನುವಾಗ ಲಕ್ಷ್ಮೀಶನ ಕಡೆ ನೋಡಿದರಂತೆ.

ಬ್ರಿಟಿಷರಿಗೆ ಅರ್ಜಿ ಕೊಡುವುದೆಂದು ನಿಶ್ಚಯವಾಯಿತು. ಇಂಗ್ಲಿಷು ಬರುವವನು ಲಕ್ಷ್ಮೀಶನೊಬ್ಬನೇ. ಅವನು ಅರ್ಜಿಯ ಹೆಸರು ಕೇಳಿದ್ದೇ ತಡ, ತಂದೆಯೇ ಎದ್ದು ಬಂದ ಹಾಗೆ ಸಂತೋಷಪಟ್ಟ. ಆಮೇಲೆ ಸಹಿಯ ಪ್ರಶ್ನೆ ಬಂತು. ಮೂವತ್ತೊಂದು ಸಹಿಯಾಗುತ್ತದೆ ಎಂದು ಇವನು ಹೇಳಿದ.

ಜನತೆ ಎಂದರೆ ಯಾರು ಎನ್ನುವುದರ ಮೇಲೆ ಮೂರು ಗಂಟೆ ಚರ್ಚೆ ನಡೆಯಿತು. ಫೋಗೆಲ್‌ಸಾಂಗ್ ಬಹಳ ಮೃದುವಾಗಿ, "ನೀವು ನಮ್ಮ ಅತಿಥಿ, ಹೆರ್ ಲಕ್ಷ್ಮಿ. ಅತಿಥಿಯ ಮೇಲೆ ನಾವು ಇಂಥ ಭಾರ ಹೊರಿಸಬಾರದು," ಎಂದರು. ಹೆರ್ ಎಂದರೆ ಶ್ರೀಮಾನ್, ಆದರೂ ಅವರ ಬಾಯಲ್ಲಿ ಇವನ ಹೆಸರು ಒಂಬತ್ತು ವರ್ಷದಿಂದ ಲಕ್ಷ್ಮಿಯೇ.

ಮೂಲೆಯಲ್ಲಿ ಕಾಲುಚೀಲ ಹೆಣೆಯುತ್ತಿದ್ದ ಕ್ರೆಪೆಲಿನ್ ಅಜ್ಜಿ ತಲೆಯೆತ್ತಲಿಲ್ಲ. "ಕಲ್ಲಿದ್ದಲಿನ ಭಾರ ಹೊರಿಸಬಹುದೋ?"

"ಅದು ಬೇರೆ ವಿಷಯ, ಹೆಡ್ವಿಗ್," ಎಂದು ಅಧ್ಯಕ್ಷರು ಅಜ್ಜಿಯ ಹೆಸರು ಹಿಡಿದೇ ಹೇಳಿದರು.

"ಹಾಗಾದರೆ ನಿಮ್ಮ ಮಗ? ಅವನು ನ್ಯೂರೆಂಬರ್ಗಿಗೆ ಹೋಗಿ ಹನ್ನೊಂದು ವರ್ಷವಾಯಿತು. ಬೋರ್ಡಿನ ಮೂವತ್ತರಲ್ಲಿ ಅವನಿದ್ದಾನೆ. ಕೊನೆಯ ಸಲ ಬಂದಿದ್ದು ಯಾವ ಕ್ರಿಸ್‌ಮಸ್ಸಿಗೆ?"

"ಅವನ ಮನಸ್ಸು ಇಲ್ಲೇ ಇದೆ," ಎಂದರು ಅಧ್ಯಕ್ಷರು.

ಮನಸ್ಸು ಮಾತ್ರ ಇದ್ದವನ ಸಹಿ ಟಪಾಲಿನಲ್ಲಿ ಬಂತು. ಮೈಯೂ ಇದ್ದವನದು ಬೇಡವಾಯಿತು. ಲಕ್ಷ್ಮೀಶ ಅರ್ಜಿ ಬರೆಯಬಹುದು, ಸಹಿ ಮಾಡುವ ಹಾಗಿಲ್ಲ ಎಂದು ಠರಾವಾಯಿತು. ಸ್ವನಿರ್ಣಯದ ಅರ್ಜಿ ನೋಡಿ!

ಆ ಭಾನುವಾರ ಅವನು ಹೆಚ್ಚು ಊಟ ಮಾಡಲಿಲ್ಲ. "ಬರೆಯಲ್ಲ ಅಂತ ಹೇಳಿಬಿಡು," ಎಂದರು ನಮ್ಮವರು.

"ಬರೆಯದಿದ್ದರೆ ಹೇಗೆ? ದ್ವೀಪ ಹೋದರೆ ನನ್ನ ಮನೆಯೂ ಹೋಗುತ್ತಲ್ಲ. ಇಪ್ಪತ್ತನೆಯ ರೂಮು ಹುಡುಕಬೇಕಾಗುತ್ತೆ." ಕೈ ತೊಳೆದು ಬಂದು, "ಸಹಿ ಮಾಡದಿದ್ದರೇನು, ಬಿಕ್ಕಲಂ ಹಾಕಲೇಬೇಕಲ್ಲ," ಎಂದ. "ಅದಿಲ್ಲದಿದ್ದರೆ ಅರ್ಜಿ ಊರ್ಜಿತವಾಗುವುದಿಲ್ಲ."

ಮೇ ತಿಂಗಳಿಡೀ ಬರೆದ. ಬ್ರಿಟಿಷ್ ಜನರಲ್ಲರಿಗೆ ಇಂಗ್ಲಿಷಿನಲ್ಲಿ, ಮಿಕ್ಕವರಿಗೆ ಜರ್ಮನ್ ಭಾಷೆಯಲ್ಲಿ, ಕೈಬರಹ ಮುತ್ತು ಪೋಣಿಸಿದ ಹಾಗೆ. ನಿಜ ಸಂಗತಿ ಎನ್ನುವ ಭಾಗದಲ್ಲಿ, 'ಸಹಿ ಮಾಡಿದವರು ಮೂವತ್ತು, ಬರೆದವನು ಒಬ್ಬ, ಒಟ್ಟು ಜನಸಂಖ್ಯೆ ಮೂವತ್ತೊಂದು' ಎಂದು ಸೇರಿಸಿದ. ಪ್ರಾರ್ಥನೆಯ ಭಾಗದಲ್ಲಿ, ದ್ವೀಪದ ನೆಲವನ್ನು ಯಾರಿಗೆ ಕೊಡುವುದಿದ್ದರೂ ಮೊದಲು ದ್ವೀಪದವರನ್ನು ಕೇಳಬೇಕಾಗಿ ವಿನಯದಿಂದ ಬೇಡಿಕೊಂಡ. ಮೂವತ್ತು ರುಜುಗಳ ಕೆಳಗೆ ಬಿಕ್ಕಲಂ ಹಾಕಿ ತನ್ನ ವಿಳಾಸ ಬರೆದ. ಫೋಗೆಲ್‌ಸಾಂಗ್ ಮೊದಲ ಹಾಳೆ ಓದಿ, ಇಷ್ಟು ನಯವಾದ ಕಾಗದವನ್ನು ತಮ್ಮ ಜೀವಮಾನದಲ್ಲಿ ನೋಡಿಲ್ಲ ಎಂದರು. ಕೊನೆಯ ಹಾಳೆ ಓದಲಿಲ್ಲ.

ಕೊನೆಯ ಹಾಳೆಯಲ್ಲಿ ನಕಲಿನ ಯಾದಿ ಇತ್ತು. ಅಮೆರಿಕದ ಜನರಲ್, ಫ್ರಾನ್ಸಿನ ಜನರಲ್, ಪಶ್ಚಿಮ ಬರ್ಲಿನ್ನಿನ ಆಡಳಿತ ನಡೆಸುವ ಸೆನೆಟ್, ಬಾನ್. ಐದನೆಯದು ಪೂರ್ವ ಬರ್ಲಿನ್ನಿನ ವಿದೇಶಾಂಗ ಕಚೇರಿ, ಪೂರ್ತಿ ಬಿರುದಿನೊಂದಿಗೆ. ಆ ಬಿರುದನ್ನು ಅವನು ಯೇನಾದಲ್ಲಿ ಕಲಿತಿದ್ದ. ಮೈಸೂರಿನ ಶಿರಸ್ತೇದಾರರ ಮಗನ ಹೊರತು ಆ ಊರಿನಲ್ಲಿ ಇನ್ಯಾರೂ ಮಾಡಲಾರದ ಕೆಲಸ ಅದು. ಪಶ್ಚಿಮದ ಕಚೇರಿಗಳೇ ಇಪ್ಪತ್ತೆರಡು ವರ್ಷದಿಂದ ಆ ಸರ್ಕಾರಕ್ಕೆ ನೇರ ಕಾಗದ ಬರೆಯದೆ, ಬರೆದರೆ ಅದು ಇದೆ ಎಂದು ಒಪ್ಪಿಕೊಂಡ ಹಾಗಾಗುತ್ತದೆ ಎಂದು ಹೆದರಿಕೊಂಡು ಕೂತಿದ್ದವು. ಲಕ್ಷ್ಮೀಶ ಅಂಚೆಚೀಟಿ ಹಚ್ಚಿ ಡಬ್ಬಕ್ಕೆ ಹಾಕಿ ಬಂದ.

ಬ್ರಿಟಿಷರು ಕಾಗದ ಮುಟ್ಟಿತು ಎಂದರು. ಸೆನೆಟ್ಟಿನವರು ಇದು ಬ್ರಿಟಿಷರಿಗೆ ಸೇರಿದ್ದು ಎಂದರು. ಬಾನ್‌ನವರು ಇದು ಸೆನೆಟ್ಟಿಗೆ ಸೇರಿದ್ದು ಎಂದರು. ಅಮೆರಿಕದವರು ದ್ವೀಪದ ಸ್ಪೆಲ್ಲಿಂಗ್ ಕೇಳಿದರು. ಫ್ರಾನ್ಸಿನವರಿಂದ ಉತ್ತರವಿಲ್ಲ. ಅಡಿಯಿಂದ ಮುಡಿಯವರೆಗೆ ಓದಿ ಉತ್ತರ ಬರೆದದ್ದು ಒಂದೇ ಒಂದು ಸರ್ಕಾರ, ಇಲ್ಲದ ಸರ್ಕಾರ. ಜೂನ್ ಮೂರನೆಯ ವಾರ ಒಂದು ದಪ್ಪ ಲಕೋಟೆ ಬಂತು. 'ಹೆರ್ ಲಕ್ಷ್ಮೀಶ, ಹಾಜೆನ್‌ವೆರ್ಡರಿನ ಮೂವತ್ತೊಂದು ಜನ ನಿವಾಸಿಗಳ ಪ್ರತಿನಿಧಿ' ಎಂದು ವಿಳಾಸ. ಅರ್ಜಿಯಲ್ಲಿ ವಿಳಾಸವಿದ್ದ ಹೆಸರು ಬಿಕ್ಕಲಂ ಹಾಕಿದವನದೊಂದೇ ಆದ್ದರಿಂದ ಪಾಪ, ಅವರೇನು ಮಾಡಿಯಾರು? ಒಳಗೆ, ನಿವಾಸಿಗಳ ಕೋರಿಕೆಯನ್ನು ಸರ್ಕಾರ ಆಸಕ್ತಿಯಿಂದ ಗಮನಿಸಿದೆ, ಪ್ರತಿನಿಧಿಗಳೊಂದಿಗೆ ನೇರ ಮಾತುಕತೆಗೆ ಸಿದ್ಧವಿದೆ, ದಿನಾಂಕ ತಿಳಿಸಬೇಕು, ಎಂದಿತ್ತು.

ಭಾನುವಾರ ಅವನು ನಮ್ಮ ಬಾಗಿಲಿಗೆ ಬಂದಾಗ ನಮ್ಮವರು ಎದ್ದು ನಿಂತು ಕೈಮುಗಿದರು. "ದಯಮಾಡಿಸಬೇಕು ದಿವಾನರು. ನಿಮ್ಮ ಸಂಸ್ಥಾನದಲ್ಲಿ ಎಲ್ಲ ಕ್ಷೇಮವೇ?"

"ತಮಾಷೆ ಬೇಡಿ. ಕಾಗದ ತೋರಿಸಿದರೆ ಫೋಗೆಲ್‌ಸಾಂಗ್ ಕುರ್ಚಿಯ ಮೇಲೆ ಕೂತುಬಿಟ್ಟರು. ಹೆಂಡತಿ ಬಂದು ನೀರು ಕುಡಿಸಬೇಕಾಯಿತು."

"ಉತ್ತರ ಬರೆದೆಯಾ?" ಎಂದು ನಾನು ಕೇಳಿದೆ.

"ಬಂದ ದಿನವೇ. ಕಾಗದಕ್ಕೆ ಉತ್ತರ ಕೊಡದೆ ಇರುವುದು ಮರ್ಯಾದೆಯೇ ಅತ್ತಿಗೆ? 'ತಮ್ಮ ಪತ್ರ ತಲುಪಿತು, ವಿಷಯ ಪರಿಶೀಲನೆಯಲ್ಲಿದೆ, ತಮ್ಮ ಕಡತವನ್ನು ಮುಕ್ತಾಯ ಮಾಡಬಾರದಾಗಿ ಪ್ರಾರ್ಥನೆ.' ಅಷ್ಟೇ."

"ಅಷ್ಟೇನಾ?"

"ನಕಲು ಎಲ್ಲರಿಗೂ ಕಳಿಸಿದೆ."

ಹೀಗಾಗಿ ಪಶ್ಚಿಮದವರಿಗೆ ಯಾವ ಗೂಢಚಾರನೂ ಬೇಕಾಗಲಿಲ್ಲ. ದ್ವೀಪವೊಂದು ತಮ್ಮನ್ನು ಬಿಟ್ಟು ಪರರಾಜ್ಯದೊಂದಿಗೆ ವ್ಯವಹಾರಕ್ಕಿಳಿದಿದೆ ಎಂಬ ಸುದ್ದಿ ಅವರಿಗೆ ದ್ವೀಪದಿಂದಲೇ ಸಾದರ ಸಮರ್ಪಣೆಯಾಗಿತ್ತು. ಜುಲೈ ಎರಡನೆಯ ವಾರ ಲಕ್ಷ್ಮೀಶನಿಗೆ ಕರೆ ಬಂತು. ಯಾವ ಕಚೇರಿ ಎಂದು ಕಾಗದದಲ್ಲಿ ಬರೆದಿರಲಿಲ್ಲ, ಕೋಣೆಯ ನಂಬರು ಮಾತ್ರ ಇತ್ತು. ಅಲ್ಲಿ ಇಬ್ಬರು ಸಭ್ಯರು, ಮೇಜಿನ ಮೇಲೆ ಒಂದು ಒಣಗಿದ ಗಿಡದ ಕುಂಡ. ಅಲ್ಲಿ ನಡೆದ ಮಾತನ್ನು ಅವನು ಅಂದೇ ಸಂಜೆ ನಮ್ಮ ಮನೆಯಲ್ಲಿ ಕೂತು, ಇಬ್ಬರ ದನಿಯನ್ನೂ ಅನುಕರಿಸಿ ಹೇಳಿದ.

"ನೀವು ಕಮ್ಯುನಿಸ್ಟರೇ?"

"ಅಲ್ಲ. ಶಿರಸ್ತೇದಾರರ ಮಗ."

ಅದನ್ನು ಬರೆದುಕೊಂಡರಂತೆ. "ಅಲ್ಲಿಗೆ ಯಾಕೆ ನಕಲು ಕಳಿಸಿದಿರಿ?"

"ಸಂಬಂಧಪಟ್ಟವರಿಗೆಲ್ಲ ಕಳಿಸಬೇಕಲ್ಲ."

"ಅವರು ಹೇಗೆ ಸಂಬಂಧಪಟ್ಟವರು?"

"ನೀರು ಅವರದು."

"ಅಧಿಕೃತವಾಗಿ ನೀರು ಅವರದಲ್ಲ."

"ಹಾಗಿದ್ದರೆ ನಾಳೆಯಿಂದ ಈಜಿಕೊಂಡು ಮನೆಗೆ ಹೋಗಬಹುದಾ?"

ಆಮೇಲೆ ಹಿರಿಯನು ಪಾಸ್‌ಪೋರ್ಟು ಇಸಿದುಕೊಂಡು ಡ್ರಾಯರಿನಲ್ಲಿಟ್ಟು, ವಾಸದ ಪರವಾನಗಿಯನ್ನು ರದ್ದು ಮಾಡುವ ಬಗ್ಗೆ ಆಲೋಚಿಸಬೇಕಾಗುತ್ತದೆ, ಹೋಗಿ ಬನ್ನಿ, ಎಂದ.

ಎಲ್ಲಿಗೆ ಹೋಗುವುದು? ಪಾಸ್‌ಪೋರ್ಟಿಲ್ಲದೆ ನೀರು ದಾಟುವ ಹಾಗಿಲ್ಲ. ನಮ್ಮ ಸೋಫಾದ ಮೇಲೆ ಮೂರು ವಾರ ಮಲಗಿದ. ಬೆಳಿಗ್ಗೆ ನಾನು ದೇವರಿಗೆ ದೀಪ ಹಚ್ಚುವಾಗ ಎದ್ದು ಕೂತು ಹಾಸಿಗೆ ಮಡಿಸುತ್ತಿದ್ದ. ಒಂದು ದಿನ, "ನೀವೂ ದಿನಾ ಅರ್ಜಿ ಹಾಕುತ್ತೀರಿ, ಉತ್ತರ ಬರುತ್ತಾ?" ಎಂದು ಕೇಳಿದ. "ನಾನು ಯಾರಿಗೂ ನಕಲು ಕಳಿಸಲ್ಲ. ಅದಕ್ಕೇ ಪಾಸ್‌ಪೋರ್ಟು ಉಳಿದುಕೊಂಡಿದೆ," ಎಂದೆ. ಅವನು ನಕ್ಕ, ಆದರೆ ಹೆದರಿದ್ದ. ಊರಿಗೆ ವಾಪಸು ಕಳಿಸಿದರೆ ನಂಜನಗೂಡಿನಲ್ಲಿ ಈಗ ತಂದೆಯಿಲ್ಲ, ತಾಯಿಯಿಲ್ಲ, ಮನೆ ದಾಯಾದಿಗಳ ಪಾಲಾಗಿತ್ತು. ಭೂಮಿಯ ಮೇಲೆ ಅವನ ಊರು ಎನ್ನುವುದು ಆ ಮೊಲವಿಲ್ಲದ ಮೊಲದ ದ್ವೀಪವೊಂದೇ. ಅಲ್ಲಿನ ಬೋರ್ಡಿನಲ್ಲಿ ಅವನಿಲ್ಲ.

ಎರಡನೆಯ ವಾರ ಕ್ರೆಪೆಲಿನ್ ಅಜ್ಜಿ ಎರಡು ಬಸ್ಸು ಬದಲಾಯಿಸಿಕೊಂಡು ನಮ್ಮ ಮನೆಗೆ ಬಂದರು. ಎಪ್ಪತ್ತೊಂದು ವರ್ಷದ ಹೆಂಗಸು. ಕೈಯಲ್ಲಿ ಅವನ ಬಟ್ಟೆಯ ಗಂಟು, ಜೊತೆಗೆ ಪ್ಲಮ್ ಹಣ್ಣಿನ ಕೇಕು. ಮೊಟ್ಟೆ ಹಾಕಿಲ್ಲ ಎಂದು ಬಾಗಿಲಲ್ಲೇ ನನಗೆ ಹೇಳಿದರು. ಆಮೇಲೆ ಕೂತು ಸಂಘದ ಸುದ್ದಿ ಹೇಳಿದರು. ಸಭೆ ಸೇರಿತ್ತು. ಪೂರ್ವಕ್ಕೆ ಹೋದ ಕಾಗದ ದ್ವೀಪದವರಿಗೆ ತಿಳಿಯದೆ, ದ್ವೀಪಕ್ಕೆ ಸೇರದ ವ್ಯಕ್ತಿಯೊಬ್ಬನಿಂದ ಹೋಗಿದೆ ಎಂದು ಸರ್ವಾನುಮತದಿಂದ ಒಪ್ಪಲಾಯಿತು.

ಲಕ್ಷ್ಮೀಶ ಕೇಕಿನ ತುಂಡನ್ನು ತಟ್ಟೆಯಲ್ಲಿ ಇಟ್ಟ. "ಸರ್ವಾನುಮತ ಅಂದರೆ ನೀವೂ ಕೈ ಎತ್ತಿದಿರಾ?"

"ನಾನು ವಿರೋಧಕ್ಕೆ ಎತ್ತಿದೆ. ಕೈಯಲ್ಲಿ ಕಾಲುಚೀಲ ಇತ್ತು. ಹೆಣೆಯುತ್ತಿದ್ದೇನೆ ಅಂತ ಬರೆದುಕೊಂಡರು."

ಬಾನ್ ಪಾರ್ಲಿಮೆಂಟಿನಲ್ಲಿ ಬರ್ಲಿನ್ನಿನವರ ಕೈಗೆ ಆಗುವುದೇ ದೋಣಿಮನೆಯಲ್ಲಿ ಅಜ್ಜಿಯ ಕೈಗೂ ಆಯಿತು. ಅವರು ಅದನ್ನು ಹಚ್ಚಿಕೊಳ್ಳದೆ ಕಾಲುಚೀಲವನ್ನು ಲಕ್ಷ್ಮೀಶನ ಕೈಗಿಟ್ಟು, ಇನ್ನೊಂದು ಮುಂದಿನ ವಾರ ಎಂದರು.

ಮೂರನೆಯ ವಾರ ಅದೇ ಕೋಣೆಯಿಂದ ಮತ್ತೆ ಕರೆ ಬಂತು. ಹಿರಿಯ ಅಧಿಕಾರಿ ಬಹಳ ಸುಸ್ತಾದವನ ಹಾಗಿದ್ದನಂತೆ. ಪರವಾನಗಿ ರದ್ದು ಮಾಡಬೇಕಾದರೆ ಕಾರಣ ಬರೆಯಬೇಕು. ಕಾರಣ ಬರೆಯಬೇಕಾದರೆ, ಇಂಥ ಸರ್ಕಾರದಿಂದ ಇಂಥವರಿಗೆ ಕಾಗದ ಬಂತು ಎಂದು ಬರೆಯಬೇಕು. ಇಲ್ಲದ ಸರ್ಕಾರದಿಂದ ಕಾಗದ ಬರುವುದಾದರೂ ಹೇಗೆ? ಅವರ ವಕೀಲರು ಹತ್ತೊಂಬತ್ತು ದಿನ ಯೋಚಿಸಿ, ಇಂಥದ್ದೇನೂ ನಡೆದೇ ಇಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದರು. ಹಿರಿಯ ಅಧಿಕಾರಿ ಡ್ರಾಯರ್ ತೆರೆದು ಪಾಸ್‌ಪೋರ್ಟು ಕೊಟ್ಟು, "ನೀವು ಇಲ್ಲಿಗೆ ಬಂದಿರಲೇ ಇಲ್ಲ," ಎಂದ.

"ಹಾಗೆಂದು ಬರೆದುಕೊಡಿ," ಎಂದ ಲಕ್ಷ್ಮೀಶ.

ಕೊಡಲಿಲ್ಲ. ಅದೊಂದು ಬೇಸರ ಅವನಿಗೆ ಇಂದಿಗೂ ಇದೆ.

ದ್ವೀಪಕ್ಕೆ ಹಿಂದಿರುಗಿದಾಗ ಅವನನ್ನು ಮಾತಾಡಿಸಿದವರು ಇಬ್ಬರು, ಅಜ್ಜಿ ಮತ್ತು ಕಾವಲು ದೋಣಿಯ ಸಿಪಾಯಿ. ಸಿಪಾಯಿ ಚೀಟಿಗೆ ಮೊಹರು ಒತ್ತಿ, "ಬಹಳ ದಿನ ಕಾಣಲಿಲ್ಲ, ಹೆರ್ ಪ್ರತಿನಿಧಿ," ಎಂದನಂತೆ. ಶತ್ರುವೆಂದು ಇಡೀ ಊರು ಬೈಯುತ್ತಿದ್ದ ಆ ಹುಡುಗರ ಪುಸ್ತಕದಲ್ಲಿ ಅವನ ಹುದ್ದೆ ಹತ್ತಿಹೋಗಿತ್ತು. ಚಳಿ ಬಂದ ಮೇಲೆ ಮಿಕ್ಕವರೂ ಮಾತಾಡಿಸಿದರು. ಕಲ್ಲಿದ್ದಲು ಬಂದಿತ್ತು.

ಆ ವರ್ಷದ ಡಿಸೆಂಬರಿನಲ್ಲಿ ಅದಲು ಬದಲಿನ ಪಟ್ಟಿ ಹೊರಬಿತ್ತು. ಯಾವ್ಯಾವುದೋ ತೋಟ, ಹುಲ್ಲುಗಾವಲು, ರೈಲ್ವೆ ನೆಲ ಎಲ್ಲ ಇದ್ದವು. ಹಾಜೆನ್‌ವೆರ್ಡರ್ ಇರಲಿಲ್ಲ. ಅತ್ತಲೂ ಹೋಗಲಿಲ್ಲ, ಇತ್ತಲೂ ಬರಲಿಲ್ಲ, ಇದ್ದ ಹಾಗೆಯೇ ಉಳಿಯಿತು. ಅವರನ್ನು ಯಾರಾದರೂ ಕೇಳಿದರೇ? ಇಲ್ಲ. ಆಗಲೂ ಕೇಳಲಿಲ್ಲ, ಈಗಲೂ ಕೇಳಿಲ್ಲ. ಏಕೆ ಬಿಟ್ಟುಹೋಯಿತು ಎಂದು ಪೇಪರಿನವರೂ ಬರೆಯಲಿಲ್ಲ, ಏಕೆಂದರೆ ಅಂಥ ದ್ವೀಪವಿದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಲಕ್ಷ್ಮೀಶ ತನ್ನದೇ ಒಂದು ವಿವರಣೆ ಕೊಟ್ಟ. "ಕಡತ ಅತ್ತಿಗೆ. ಅವರ ಹತ್ತಿರ ಒಂದು ಕಡತ ತೆರೆದಿದೆ, ಬ್ರಿಟಿಷರ ಹತ್ತಿರ ಒಂದು, ಸೆನೆಟ್ಟಿನಲ್ಲಿ ಒಂದು. ಎಲ್ಲದರ ಮೇಲೂ 'ಪರಿಶೀಲನೆಯಲ್ಲಿದೆ' ಅಂತ ಇದೆ. ವಿಲೇವಾರಿಯಾಗದ ಕಡತ ಇರುವಾಗ ಯಾವ ಗುಮಾಸ್ತನೂ ಆ ಹೆಸರನ್ನು ಪಟ್ಟಿಗೆ ಸೇರಿಸಲ್ಲ. ನಮ್ಮಪ್ಪ ಒಂದು ಗೋಮಾಳವನ್ನು ಹನ್ನೆರಡು ವರ್ಷ ಹೀಗೇ ಉಳಿಸಿದ್ದರು."

"ಅಂದರೆ ನೀನು ಬೇಕೆಂದೇ ಮಾಡಿದ್ದಾ?" ಎಂದರು ನಮ್ಮವರು.

"ನಕಲು ಕಳಿಸಿದ್ದು ಅಭ್ಯಾಸಬಲ. ಕಡತ ಮುಚ್ಚಬೇಡಿ ಅಂತ ಬರೆದಿದ್ದು ಬೇಕೆಂದೇ."

ನಿಜವೋ ಅಲ್ಲವೋ ನಾನು ಹೇಳಲಾರೆ. ಗುಮಾಸ್ತರ ಮನಸ್ಸು ಗುಮಾಸ್ತರ ಮಗನಿಗೆ ಗೊತ್ತಿದ್ದೀತು.

ದ್ವೀಪದವರು ಹಬ್ಬ ಮಾಡಿದರು. ಹಾಜೆನ್‌ವೆರ್ಡರಿನ ಜನತೆ ತನ್ನ ಭವಿಷ್ಯವನ್ನು ತಾನೇ ನಿರ್ಧರಿಸಿಕೊಂಡಿತು ಎಂದು ಫೋಗೆಲ್‌ಸಾಂಗ್ ಭಾಷಣ ಮಾಡಿದರು. ದೋಣಿಮನೆಯ ಗೋಡೆಗೆ ಹಿತ್ತಾಳೆಯ ಫಲಕ ಹಾಕಿಸಿದರು. ಅದರಲ್ಲಿ ಮೂವತ್ತು ಹೆಸರು, ನ್ಯೂರೆಂಬರ್ಗಿನಲ್ಲಿದ್ದವನದೂ ಸೇರಿ. ಫಲಕ ಭಾರವಾಗಿತ್ತು. ದೋಣಿಯಿಂದ ಅದನ್ನು 'ದ್ವೀಪಕ್ಕೆ ಸೇರದ ವ್ಯಕ್ತಿ' ಹೊತ್ತು ತಂದ.

ಅಜ್ಜಿ ಈ ಸಲ ಬಿಡಲಿಲ್ಲ. ಹಬ್ಬದ ಮಾರನೆಯ ದಿನವೇ ಸಂಘಕ್ಕೆ ಲಿಖಿತ ಮನವಿ ಕೊಟ್ಟರು, ಬೋರ್ಡಿನಲ್ಲಿ ಮೂವತ್ತೊಂದು ಎಂದು ತಿದ್ದಬೇಕೆಂದು. ಮನವಿಯನ್ನು ಯಾರು ಬರೆದುಕೊಟ್ಟರು ಎಂದು ನಾನು ಕೇಳಲಿಲ್ಲ. ಸಂಘದವರಿಗೆ ಈಗ ಬೇಡವೆನ್ನಲು ನಾಚಿಕೆಯಾಯಿತು. ಒಪ್ಪಿದರು. ಆದರೆ ಹಿಮ ಬೀಳುವಾಗ ಬಣ್ಣ ಹಿಡಿಯುವುದಿಲ್ಲ, ವಸಂತ ಬರಲಿ, ಎಂದರು. ಆ ಚಳಿಗಾಲದಲ್ಲಿ ಲಕ್ಷ್ಮೀಶ ಪ್ರತಿ ಭಾನುವಾರವೂ ಹವಾಮಾನದ ಮಾತೆತ್ತುತ್ತಿದ್ದ. ಮಾರ್ಚಿನಲ್ಲಿ ಒಂದು ಡಬ್ಬಿ ಬಿಳಿ ಬಣ್ಣ, ಎರಡು ಬೆರಳಗಲದ ಬ್ರಷ್ಷು ಕೊಂಡು, ದ್ವೀಪಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆಗೆ ತಂದು ನನಗೆ ತೋರಿಸಿಯೂ ಹೋದ.

ಮರುವಾರ ಬೋಲ್ಲೆ ಎಂಬ ಎಂಬತ್ನಾಲ್ಕು ವರ್ಷದ ಮುದುಕರು ನಿದ್ದೆಯಲ್ಲೇ ತೀರಿಕೊಂಡರು. ಒಳ್ಳೆಯವರು, ಇವನಿಗೆ ಮೀನು ಹಿಡಿಯಲು ಕಲಿಸಿಕೊಟ್ಟವರು. ಮೀನನ್ನು ಇವನು ಮತ್ತೆ ನೀರಿಗೇ ಬಿಡುತ್ತಿದ್ದ, ಅವರು ಬೈಯುತ್ತಿದ್ದರು. ಪೆಟ್ಟಿಗೆಗೆ ಹೆಗಲು ಕೊಟ್ಟು ದೋಣಿಯವರೆಗೆ ತಂದವರಲ್ಲಿ ಇವನೂ ಒಬ್ಬ. ದೋಣಿ ಅತ್ತ ಹೋದ ಮೇಲೆ ಫೋಗೆಲ್‌ಸಾಂಗ್ ಟೋಪಿ ಕೈಯಲ್ಲಿ ಹಿಡಿದುಕೊಂಡು ಬೋರ್ಡಿನ ಮುಂದೆ ನಿಂತರು. ಸ್ವಲ್ಪ ಹೊತ್ತು ನೋಡಿ, ಇವನ ಹೆಗಲ ಮೇಲೆ ಕೈಯಿಟ್ಟರು.

"ನೋಡಿದಿರಾ ಹೆರ್ ಲಕ್ಷ್ಮಿ, ಇನ್ನು ತಿದ್ದುವ ಅಗತ್ಯವೇ ಇಲ್ಲ. ಸರಿಯಾಗಿ ಮೂವತ್ತು. ಈಗ ನೀವೂ ಅದರಲ್ಲಿ ಇದ್ದೀರಿ."

ಅವರ ದನಿಯಲ್ಲಿ ಕುಹಕವಿರಲಿಲ್ಲವಂತೆ. ನಿಜವಾಗಿಯೂ ಸಂತೋಷಪಟ್ಟಿದ್ದರು. ಅದೇ ಹೆಚ್ಚು ನೋವಾದದ್ದು ಎಂದ ಲಕ್ಷ್ಮೀಶ. "ಬೈದಿದ್ದರೆ ಜಗಳವಾಡಬಹುದಿತ್ತು ಅತ್ತಿಗೆ. ನನ್ನನ್ನು ಸೇರಿಸಿಕೊಂಡುಬಿಟ್ಟರು. ಒಬ್ಬರು ಸತ್ತ ಜಾಗಕ್ಕೆ."

ನಾನು ಅವನ ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿದೆ. ಬಣ್ಣದ ಡಬ್ಬಿ ಏನಾಯಿತು ಎಂದು ನಮ್ಮವರು ಕೇಳಿದರು. ಅಜ್ಜಿಯ ಕಿಟಕಿಗೆ ಬಳಿದೆ ಎಂದ.

ಈಗ ೧೯೭೭. ಲಕ್ಷ್ಮೀಶ ದ್ವೀಪದಲ್ಲೇ ಇದ್ದಾನೆ. ಇಲ್ಲದ ದೇಶವನ್ನು ಈಗ ಎಲ್ಲರೂ ಇದೆ ಎಂದು ಒಪ್ಪಿಕೊಂಡಿದ್ದಾರೆ, ಹಾಗಾಗಿ ಅವನು ಮಾಡಿದ್ದು ಅಪರಾಧವಲ್ಲ, ಸ್ವಲ್ಪ ಅವಸರ ಅಷ್ಟೇ. ಬೋಲ್ಲೆಯವರು ಹೋದ ಮರುವರ್ಷದಿಂದ ಪ್ರತಿ ಹೊಸ ವರ್ಷಕ್ಕೂ ಪೂರ್ವ ಬರ್ಲಿನ್ನಿನಿಂದ ಅಚ್ಚು ಹಾಕಿದ ಶುಭಾಶಯದ ಕಾರ್ಡು ಬರುತ್ತದೆ. ಕಡತ ಮುಚ್ಚಿಲ್ಲವಲ್ಲ. ವಿಳಾಸ ಇಂದಿಗೂ ಅದೇ, 'ಮೂವತ್ತೊಂದು ಜನ ನಿವಾಸಿಗಳ ಪ್ರತಿನಿಧಿ'. ಲೋಕದಲ್ಲಿ ಅವನನ್ನು ಬದುಕಿರುವವನೆಂದು ಸೇರಿಸಿ ಎಣಿಸಿದ ಕಾಗದ ಅದೊಂದೇ. ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕಿಕೊಳ್ಳಬಹುದಿತ್ತು. ಆದರೆ ಶಿರಸ್ತೇದಾರರ ಮಗನಿಗೆ ತಪ್ಪು ಲೆಕ್ಕ ಕಣ್ಣಿಗೆ ಚುಚ್ಚುತ್ತದೆ. ಮೊದಲ ಕಾರ್ಡು ಬಂದ ವರ್ಷವೇ ಉತ್ತರ ಬರೆದ. ಕಳಿಸುವ ಮೊದಲು ನಮ್ಮ ಮನೆಯಲ್ಲಿ ಓದಿ ಹೇಳಿದ.

'ತಮ್ಮ ಶುಭಾಶಯ ತಲುಪಿತು. ವಿಷಯ ಇನ್ನೂ ಪರಿಶೀಲನೆಯಲ್ಲಿದೆ. ಶ್ರೀ ಬೋಲ್ಲೆಯವರು ದೈವಾಧೀನರಾದ ಕಾರಣ ದ್ವೀಪದ ಜನಸಂಖ್ಯೆ ಮೂವತ್ತು. ಇದರಲ್ಲಿ ಬರೆದವನೂ ಸೇರಿದ್ದಾನೆ. ಬೋರ್ಡಿನ ಮೂವತ್ತರಲ್ಲಿ ಅವನು ಶ್ರೀ ಬೋಲ್ಲೆಯವರ ಬದಲಿಗೆ ಇರುತ್ತಾನೆ. ಬಿಕ್ಕಲಂ, ಲಕ್ಷ್ಮೀಶ.'

ಅದರ ಕೆಳಗೆ ನಕಲಿನ ಯಾದಿ. ಮೂವರು ಜನರಲ್‌ಗಳು, ಸೆನೆಟ್, ಬಾನ್. ಕೊನೆಯಲ್ಲಿ ಹೊಸದಾಗಿ ಒಂದು ಹೆಸರು: ಹೆರ್ ಫೋಗೆಲ್‌ಸಾಂಗ್, ಅಧ್ಯಕ್ಷರು, ಅವರ ಮಾಹಿತಿಗಾಗಿ.